ರಾಯಚೂರಿನ ಬಿಸಿಲಲ್ಲಿ ಬೊಕಾಶಿ: ತೋಟದ ಚಿತ್ರಕ್ಕೆ ಆಕಾಶ ತುಂಬುವ ಬಗೆ

ಜಪಾನಿನ ಕಲಾವಿದ ಹಿರೋಶಿಗೆ 1857ರಲ್ಲಿ ರಚಿಸಿದ, ಈಗಿನ ಟೋಕಿಯೊದ ಕಮೇಯ್ದೊ ಪ್ಲಮ್ ತೋಟದ ಮರದಚ್ಚಿನಲ್ಲಿ ಆಕಾಶದ ಕೆಂಪು ಇಳಿಯುತ್ತ ತಿಳಿಯಾಗುತ್ತದೆ. ಈ ಛಾಯೆಯನ್ನು ಕೆತ್ತುವುದಿಲ್ಲ. ಪ್ರತಿ ಹಾಳೆಗೂ ಬ್ರಷ್ಷಿನಿಂದಲೇ ತರಬೇಕು. ಇದೇ ಬೊಕಾಶಿ.

ಕೆತ್ತನೆಗೆ ಜಪಾನಿನಲ್ಲಿ ಚೆರಿ ಹಲಗೆ ಬಳಸುತ್ತಾರೆ. ಕಿನ್ನಾಳ ಗೊಂಬೆಯ ಹಗುರ ಮರ ಸಣ್ಣ ಗೆರೆಗೆ ಬೇಡ, ಅಂಚು ಬೇಗ ಮುರಿಯುತ್ತದೆ.

ಹಿಂದಿನ ರಾತ್ರಿಯೇ ಕೊಜೊ ಕಾಗದವನ್ನು (ಗಿಡದ ನಾರಿನಿಂದ ಮಾಡಿದ ಜಪಾನಿ ಕಾಗದ) ಒದ್ದೆ ನ್ಯೂಸ್‌ಪೇಪರ್‌ಗಳ ನಡುವೆ ಇಟ್ಟು ಪ್ಲಾಸ್ಟಿಕ್ ಸುತ್ತಿ. ಮುಟ್ಟಿದರೆ ತಂಪಾಗಿರಬೇಕು, ನೀರು ಹೊಳೆಯಬಾರದು. ಬೇಸಿಗೆಯಲ್ಲಿ ಬೆಳ್ಳಂಬೆಳಿಗ್ಗೆಯೇ ಅಚ್ಚು ಹಾಕಿ, ಫ್ಯಾನ್ ಆರಿಸಿ. ಒಂದು ಹಾಳೆ ತೆಗೆದ ಕೂಡಲೇ ಕಟ್ಟು ಮುಚ್ಚಿ. ಒಣಗಿದ ಕಾಗದ ಕುಗ್ಗಿ ಬಣ್ಣ ಗೆರೆಯಿಂದ ಸರಿಯುತ್ತದೆ.

1 ಪಾಲು ಅಕ್ಕಿಹಿಟ್ಟನ್ನು 6 ಪಾಲು ನೀರಿನಲ್ಲಿ ಕುದಿಸಿ ಅಂಟು ಮಾಡಿಕೊಳ್ಳಿ. ಆಕಾಶದ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮೇಲಂಚಿಗೆ ಮಾತ್ರ ಬಣ್ಣ, ಜೊತೆಗೆ ಅಂಟಿನ ಒಂದು ಚುಕ್ಕೆ. ಬ್ರಷ್ಷನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ನಿಧಾನ ಕೆಳಗಿಳಿಸಿ, ಬಣ್ಣದ ಬದಿ ಯಾವಾಗಲೂ ಮೇಲಕ್ಕೇ ಇರಲಿ. ಕಾಗದವನ್ನು ಮೊದಲು ಮೂಲೆಯ ಕೆಂತೊ ಗುರುತಿಗೆ (ಕಾಗದ ಸರಿಯಾಗಿ ಕೂರಲೆಂದು ಹಲಗೆಯಲ್ಲಿ ಕೆತ್ತಿದ ಗುರುತು), ಆಮೇಲೆ ಬದಿಯ ಗುರುತಿಗೆ ಕೂರಿಸಿ, ಬರೆನ್‌ನಿಂದ (ಅಂಗೈಯಲ್ಲಿ ಹಿಡಿದು ಉಜ್ಜುವ ದುಂಡನೆಯ ಚಪ್ಪಟೆ ಸಾಧನ) ಹಿಂಬದಿ ಒತ್ತಿ ಉಜ್ಜಿ.

ಛಾಯೆ ಗೆರೆ ಎಳೆದಂತೆ ನಿಂತರೆ ಹಲಗೆ ಒಣಗಿದೆ. ಬಣ್ಣ ಮರದ ಕೊಂಬೆಗಳೊಳಗೆ ಹರಿದರೆ ನೀರು ಹೆಚ್ಚಾಗಿದೆ. ಎಳ್ಳಿನಂಥ ಬಿಳಿ ಚುಕ್ಕೆ ಬಿದ್ದರೆ ಅಂಟು ಸಾಲದು, ಇಲ್ಲವೇ ಒತ್ತು ಕಡಿಮೆ. ಗಾಢ ಬೇಕೆಂದು ಬಣ್ಣ ದಪ್ಪ ಹಚ್ಚಬೇಡಿ. ತೆಳುವಾಗಿ ಎರಡು ಸಲ ಅಚ್ಚು ಹಾಕಿದರೆ ಆಳ ತಾನಾಗಿ ಬರುತ್ತದೆ.