ಒಂದೇ ಕಾಲು ಊದಿಕೊಂಡರೆ: ಕ್ಯಾನ್ಸರ್ ರೋಗಿಯನ್ನು ನೋಡಿಕೊಳ್ಳುವವರಿಗೆ

ಕೀಮೋ ಪಡೆಯುತ್ತಿರುವವರ ಒಂದು ಕಾಲು ಇದ್ದಕ್ಕಿದ್ದಂತೆ ಊದಿಕೊಂಡರೆ, ಮನೆಯವರು ಅದನ್ನು ಉಳುಕೆಂದೋ ವಾಯುವೆಂದೋ ಭಾವಿಸಿ ಹರಳೆಣ್ಣೆ ಬಿಸಿಮಾಡಿ ನೀವಲು ಕೂರುವುದುಂಟು. ದಯವಿಟ್ಟು ನೀವಬೇಡಿ. ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಗರಣೆಗಟ್ಟಿ ಊತ ಬಂದಿದ್ದರೆ, ಆ ಗರಣೆಯ ತುಂಡೊಂದು ಕಳಚಿಕೊಂಡು ಹೃದಯದ ಮೂಲಕ ಹಾದು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳಬಹುದು.

ಹೀಗಾಗುವುದು ಏಕೆಂದು ತಿಳಿದಿದ್ದರೆ ಮುಂದಿನ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ಆರೋಗ್ಯವಂತರಲ್ಲಿ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ರಕ್ತನಾಳದ ಒಳಪದರದ ಹಿಂದೆ ಅಡಗಿರುತ್ತದೆ. ಗಾಯವಾದಾಗ ಮಾತ್ರ ರಕ್ತ ಅದನ್ನು ಮುಟ್ಟುತ್ತದೆ. ಅನೇಕ ಕ್ಯಾನ್ಸರ್ ಕೋಶಗಳಾದರೋ ಇದೇ ಪ್ರೋಟೀನನ್ನು ತಮ್ಮ ಮೈಮೇಲೆಯೇ ಹೊತ್ತಿರುತ್ತವೆ, ಸಾಲದ್ದಕ್ಕೆ ಅದನ್ನು ಹೊತ್ತ ಸೂಕ್ಷ್ಮ ಪೊರೆತುಣುಕುಗಳನ್ನು ರಕ್ತದೊಳಕ್ಕೆ ಉದುರಿಸುತ್ತವೆ. ಈ ಟಿಶ್ಯೂ ಫ್ಯಾಕ್ಟರ್, ರಕ್ತವನ್ನು ಗರಣೆಗಟ್ಟಿಸುವ ಪ್ರೋಟೀನುಗಳಲ್ಲಿ (ಇವನ್ನು ‘ಅಂಶ’ಗಳೆಂದು ಎಣಿಸುತ್ತಾರೆ) 7ನೆಯ ಅಂಶದೊಡನೆ ಸೇರಿ 10ನೆಯ ಅಂಶವನ್ನು ಎಬ್ಬಿಸುತ್ತದೆ. ಅದರಿಂದ ಥ್ರಾಂಬಿನ್ ಹುಟ್ಟುತ್ತದೆ. ಥ್ರಾಂಬಿನ್, ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ನನ್ನು ಫೈಬ್ರಿನ್ ಎಂಬ ಎಳೆಗಳಾಗಿಸುತ್ತದೆ. ಹಾಲಿಗೆ ಹಾಕುವ ಹೆಪ್ಪಿನ ಹಾಗೆ ಇಲ್ಲಿಯೂ ಒಂದು ಹನಿ ಸಾಕಾಗುತ್ತದೆ, ಏಕೆಂದರೆ ಹುಟ್ಟಿದ ಥ್ರಾಂಬಿನ್ ಹಿಂದಿನ ಹಂತದ ಅಂಶಗಳನ್ನೂ ಎಬ್ಬಿಸಿ ತನ್ನ ಉತ್ಪತ್ತಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಮಿದುಳಿನ ಕೆಲವು ಗಡ್ಡೆಗಳು ಪೊಡೊಪ್ಲಾನಿನ್ ಎಂಬ ಪ್ರೋಟೀನಿನ ಮೂಲಕ ಪ್ಲೇಟ್‌ಲೆಟ್‌ಗಳನ್ನು ನೇರವಾಗಿ ಒಟ್ಟುಗೂಡಿಸುತ್ತವೆ. ಗಡ್ಡೆಗೆ ಇದರಿಂದ ಲಾಭವೂ ಇದೆ: ಸುತ್ತ ಅಂಟಿಕೊಂಡ ಪ್ಲೇಟ್‌ಲೆಟ್‌ಗಳ ಮರೆಯಲ್ಲಿ, ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶ ರೋಗನಿರೋಧಕ ಕೋಶಗಳ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಕ್ಯಾನ್ಸರಿಗೂ ಗರಣೆಗೂ ಇರುವ ಈ ನಂಟನ್ನು ಪ್ಯಾರಿಸ್ಸಿನ ವೈದ್ಯ ಆರ್ಮಾನ್ ಟ್ರೂಸೋ 1865ರಲ್ಲೇ ತಮ್ಮ ಉಪನ್ಯಾಸದಲ್ಲಿ ವಿವರಿಸಿದ್ದರು. 1867ರಲ್ಲಿ ತಮ್ಮದೇ ರಕ್ತನಾಳದಲ್ಲಿ ಗರಣೆ ಕಂಡಾಗ, ತಮಗೆ ಕ್ಯಾನ್ಸರ್ ಇದೆಯೆಂದು ತಿಳಿಯಲು ಅವರಿಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಅದೇ ವರ್ಷ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು.

ಮೊದಲ ಕೀಮೋಗೆ ಮುನ್ನ ಮಾಡಿಸಿದ ರಕ್ತಪರೀಕ್ಷೆಯ ವರದಿಯನ್ನು ಕೈಗೆತ್ತಿಕೊಳ್ಳಿ. ಗರಣೆಯ ಅಪಾಯವನ್ನು ಅಂದಾಜಿಸಲು ವೈದ್ಯರು ಬಳಸುವ ಖೊರಾನಾ ಅಂಕದ ಪ್ರಕಾರ ಜಠರ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ 2 ಅಂಕ; ಶ್ವಾಸಕೋಶ, ಲಿಂಫೋಮಾ, ಗರ್ಭಕೋಶ-ಅಂಡಾಶಯ, ಮೂತ್ರಕೋಶ, ವೃಷಣದವುಗಳಿಗೆ 1. ಪ್ಲೇಟ್‌ಲೆಟ್ 3.5 ಲಕ್ಷ ಅಥವಾ ಹೆಚ್ಚು, ಹಿಮೋಗ್ಲೋಬಿನ್ 10 ಗ್ರಾಮಿಗಿಂತ ಕಡಿಮೆ, ಬಿಳಿರಕ್ತಕಣ 11,000ಕ್ಕಿಂತ ಹೆಚ್ಚು, ಬಿಎಂಐ 35 ಅಥವಾ ಮೇಲೆ ಇದ್ದರೆ ತಲಾ ಒಂದು ಅಂಕ. ಒಟ್ಟು 2 ಅಥವಾ ಹೆಚ್ಚಾದರೆ, ಗರಣೆ ತಡೆಯುವ ಔಷಧ ಬೇಕೇ ಎಂದು ನೀವೇ ವೈದ್ಯರನ್ನು ಕೇಳಿ. ತುಂಬಿದ ಹೊರರೋಗಿ ವಿಭಾಗದಲ್ಲಿ ಈ ಮಾತು ತಾನಾಗಿ ಬಂದೇ ಬರುತ್ತದೆಂದು ನಾನಂತೂ ನಂಬಿ ಕೂರುವುದಿಲ್ಲ.

ಕಾಲಿನ ಅಳತೆಗೆ ದರ್ಜಿಯ ಟೇಪು ಸಾಕು. ಮಂಡಿಚಿಪ್ಪಿನ ಕೆಳಗೆ, ಮೊಣಕಾಲೆಲುಬಿನ ಮುಂಭಾಗದಲ್ಲಿ ಕೈಗೆ ಸಿಗುವ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಗುರುತು ಹಾಕಿ, ಎರಡೂ ಕಾಲುಗಳ ಸುತ್ತಳತೆಯನ್ನು ಅದೇ ಮಟ್ಟದಲ್ಲಿ ತೆಗೆದು ಬರೆದಿಡಿ. ವ್ಯತ್ಯಾಸ 3 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ, ಅಥವಾ ಅಷ್ಟಿಲ್ಲದಿದ್ದರೂ ಮೀನಖಂಡ ಬಿಗಿದು ನೋಯುತ್ತ ಬೆಚ್ಚಗಿದ್ದರೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೀಮೋ ಪೋರ್ಟ್ ಅಥವಾ ಪಿಕ್ ಲೈನ್ (ಔಷಧ ಹರಿಸಲು ರಕ್ತನಾಳಕ್ಕೆ ಇಳಿಸಿದ ಕೊಳವೆ) ಇರುವ ಕಡೆಯ ತೋಳು ಊದಿದರೂ ಇದೇ ಮಾತು. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಅಥವಾ ಎಚ್ಚರ ತಪ್ಪಿದರೆ ಟೇಪು ಹುಡುಕುತ್ತ ನಿಲ್ಲದೆ 108ಕ್ಕೆ ಕರೆ ಮಾಡಿ.

ಆಸ್ಪತ್ರೆಯಲ್ಲಿ ಕಾಲಿಗೆ ಡಾಪ್ಲರ್ ಸ್ಕ್ಯಾನ್, ಶ್ವಾಸಕೋಶದ ಅನುಮಾನವಿದ್ದರೆ ಸಿಟಿ ಆಂಜಿಯೋಗ್ರಾಂ ಮಾಡುತ್ತಾರೆ. ಗರಣೆ ಕರಗುವಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನು ತುಣುಕಾದ ಡಿ-ಡೈಮರ್ ಕ್ಯಾನ್ಸರಿನಲ್ಲಿ ಗರಣೆಯಿಲ್ಲದೆಯೂ ಏರಿರಬಹುದಾದ್ದರಿಂದ ಆ ಒಂದು ಅಂಕಿಯನ್ನು ನೋಡಿ ಗಾಬರಿಯಾಗಬೇಡಿ.

ಗರಣೆ ಖಚಿತವಾದರೆ ಹೆಪಾರಿನ್ ವರ್ಗದ ಚುಚ್ಚುಮದ್ದನ್ನೋ ಅಪಿಕ್ಸಬಾನ್‌ನಂಥ ಮಾತ್ರೆಯನ್ನೋ ಕೊಡುತ್ತಾರೆ. ಜಠರ-ಕರುಳಿನ ಗಡ್ಡೆಗಳಲ್ಲಿ ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚುವ ಅಪಾಯವಿರುವುದರಿಂದ ಆಯ್ಕೆ ವೈದ್ಯರದೇ. ಚಿಕಿತ್ಸೆ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು, ಗಡ್ಡೆ ಸಕ್ರಿಯವಾಗಿದ್ದರೆ ಮುಂದಕ್ಕೂ ನಡೆಯುತ್ತದೆ. ಊತ ಇಳಿಯಿತೆಂದು ನೀವಾಗಿ ನಿಲ್ಲಿಸಬಾರದು. ಮನೆಯಲ್ಲಿ ಚುಚ್ಚುವುದಾದರೆ ಹೊಕ್ಕುಳಿನಿಂದ ಕನಿಷ್ಠ 5 ಸೆಂಟಿಮೀಟರ್ ದೂರದಲ್ಲಿ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮಡಿಸಿ ಹಿಡಿದು, ಸೂಜಿಯನ್ನು ನೆಟ್ಟಗೆ ಇಳಿಸಿ, ಔಷಧವನ್ನು ನಿಧಾನವಾಗಿ ಬಿಡಿ. ತೆಗೆದ ಮೇಲೆ ಉಜ್ಜಬೇಡಿ, ಉಜ್ಜಿದರೆ ಚರ್ಮ ಕಪ್ಪಗಾಗುತ್ತದೆ. ಇಂದು ಬಲಗಡೆಯಾದರೆ ನಾಳೆ ಎಡಗಡೆ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಕೇಳದೆ ಕೊಡಬೇಡಿ. ಮಲ ಡಾಂಬರಿನಂತೆ ಕಪ್ಪಾದರೆ, ಅಥವಾ ಕೀಮೋ ನಂತರದ ವರದಿಯಲ್ಲಿ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದಿದ್ದರೆ, ಮುಂದಿನ ಡೋಸ್ ಕೊಡುವ ಮೊದಲೇ ವೈದ್ಯರಿಗೆ ಫೋನ್ ಮಾಡಿ.