ಸಿನಿಮಾ ಕಲಿಯಬೇಕಾ? ಮೊದಲು ಮೈಕು, ಆಮೇಲೆ ಕ್ಯಾಮೆರಾ

ಹಾಸನ, ಚಿಕ್ಕಮಗಳೂರು ಕಡೆಗೆ ಸಿನಿಮಾದವರು ಬಂದು ಹೋಗುವುದು ಹೊಸದಲ್ಲ. ಮುಳ್ಳಯ್ಯನಗಿರಿಯಲ್ಲಿ ಒಂದು ಹಾಡು, ಶೆಟ್ಟಿಹಳ್ಳಿ ಚರ್ಚಿನ ಮುಂದೆ ಎರಡು ಶಾಟ್, ಸಂಜೆಗೆ ಗಂಟುಮೂಟೆ ಕಟ್ಟಿ ಬೆಂಗಳೂರು. ನೋಡುತ್ತಾ ನಿಂತ ಊರಿನ ಹುಡುಗ ಹುಡುಗಿಯರಿಗೂ ಸಿನಿಮಾ ಮಾಡುವ ಆಸೆ ಇದ್ದೇ ಇದೆ. ಮೂರು ವರ್ಷ ಕೂತು ಸಿನಿಮಾ ಓದಲು ಎಲ್ಲರಿಗೂ ಅನುಕೂಲ ಇರುವುದಿಲ್ಲ. ಎರಡು ಮೂರು ದಿನದ ಕಾರ್ಯಾಗಾರಕ್ಕೆ ಹೋಗಬಹುದು. ಹೋಗಿ. ಆದರೆ ನಿರ್ದೇಶನದ ಕಾರ್ಯಾಗಾರಕ್ಕೆ ಮೊದಲೇ ಓಡಬೇಡಿ. ಹೊಸಬರ ಸಿನಿಮಾ ಸೋರುವುದು ಜಾಸ್ತಿ ಎರಡು ಕಡೆ: ಸೌಂಡಿನಲ್ಲಿ, ಲೆಕ್ಕದಲ್ಲಿ.

ಬರಿಗೈಯಲ್ಲಿ ಹೋಗಬೇಡಿ

ಹೆಸರು ನೋಂದಾಯಿಸುವ ಮೊದಲು ಮೂರು ನಿಮಿಷದ ಒಂದು ಚಿತ್ರ ಮಾಡಿ. ಒಂದು ಜಾಗ, ಇಬ್ಬರು, ಸ್ವಲ್ಪ ಮಾತು. ಮೊಬೈಲ್ ಸಾಕು. ಟ್ಯೂಬ್‌ಲೈಟ್ ಕೆಳಗೆ ತೆಗೆಯುವುದಾದರೆ ಶಟರ್ ಅನ್ನು, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು. ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರ ಮಿಣುಕುತ್ತದೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇದೆ. ಚಿತ್ರ ಚೆನ್ನಾಗಿ ಬರಲಿಲ್ಲ ಅಂತ ಅಳಿಸಬೇಡಿ. ಕಚ್ಚಾ ತುಣುಕುಗಳನ್ನೂ ಸೇರಿಸಿ ಎರಡು ಕಾಪಿ ಇಟ್ಟುಕೊಳ್ಳಿ, ಒಂದನ್ನು ಜೊತೆಗೆ ಒಯ್ಯಿರಿ. 'ಎಡಿಟಿಂಗ್ ಅಂದ್ರೆ ಏನು ಸಾರ್' ಎಂದು ಕೇಳುವವರಿಗೆ ಸಿಗುವುದು ಭಾಷಣ. 'ಇಲ್ಲಿ ಕಟ್ ಮಾಡಿದರೆ ಯಾಕೆ ಜರ್ಕ್ ಆಗ್ತಿದೆ' ಎಂದು ತೋರಿಸಿದವರಿಗೆ ಪಾಠ ಸಿಗುತ್ತದೆ.

ಯಾರು ಕಲಿಸುತ್ತಾರೆ, ಕೇಳಿ

ಫೋನ್ ಮಾಡಿ ಮೂರು ವಿಷಯ ಕೇಳಿ. ಕಲಿಸುವವರು ಆ ಕೆಲಸವನ್ನು ಈಗಲೂ ಮಾಡುತ್ತಿದ್ದಾರಾ? ಒಂದು ಕ್ಯಾಮೆರಾ ಅಥವಾ ಮೈಕಿಗೆ ಎಷ್ಟು ಜನ? ದಿನದಲ್ಲಿ ಎಷ್ಟು ಹೊತ್ತು ನಮ್ಮ ಕೈಗೆ ಕೆಲಸ? ಸ್ಟಾರ್ ಒಬ್ಬರು ಬಂದು ಸರ್ಟಿಫಿಕೇಟ್ ಕೊಡುತ್ತಾರೆ ಎಂಬುದು ಉತ್ತರವಲ್ಲ. 'ಮುಂದಿನ ಸಿನಿಮಾದಲ್ಲಿ ಚಾನ್ಸ್ ಗ್ಯಾರಂಟಿ' ಅಂದರೆ ಅಲ್ಲಿಗೇ ಫೋನ್ ಇಡಿ.

ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ತನ್ನ ಕ್ಯಾಂಪಸ್‌ನ ಆಚೆಗೂ ಕಿರು ಅವಧಿಯ ಕೋರ್ಸ್ ನಡೆಸುತ್ತದೆ. ಅದರ ಪ್ರಕಟಣೆಗಳ ಮೇಲೆ ಕಣ್ಣಿಡಿ. ಪೂರ್ತಿ ಡಿಪ್ಲೊಮಾನೇ ಬೇಕು ಅನ್ನುವವರಿಗೆ ಹೆಸರಘಟ್ಟದ ಸರ್ಕಾರಿ ಸಂಸ್ಥೆ ಇದೆ. ಇನ್ನು ಸಿನಿಮಾ ನೋಡುವುದನ್ನೂ ಕಲಿಯಬೇಕು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿತ್ತು. ನಿಮ್ಮೂರಲ್ಲೂ ಹತ್ತು ಜನ ಸೇರಿ ಅಂಥದ್ದೊಂದು ಶುರು ಮಾಡಬಹುದು, ಅಲ್ವಾ?

ಕಿವಿಯ ಕೆಲಸ

ಮಲೆನಾಡಿನಲ್ಲಿ ಕ್ಯಾಮೆರಾ ಎಲ್ಲಿಟ್ಟರೂ ಚೆಂದವೇ ಕಾಣುತ್ತದೆ. ಅದೇ ಅಪಾಯ. ಚೆಂದದ ಶಾಟ್ ತಂದು ಮನೆಯಲ್ಲಿ ಕೇಳಿದರೆ ಮಾತಿಗಿಂತ ಜೀರುಂಡೆ ಜೋರಾಗಿರುತ್ತದೆ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಡೈಲಾಗ್ ಹಿಡಿಯುವುದು ಆಗದ ಮಾತು. ಕಾಫಿ ಕೊಯ್ಲಿನ ದಿನಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದು ತೋಟ ದಾಟಿ ಬರುತ್ತದೆ. ಹಾಗಾಗಿ ಸೌಂಡಿನ ಕಾರ್ಯಾಗಾರದಲ್ಲಿ ಇವನ್ನೇ ಕೇಳಿ: ಮೈಕನ್ನು ಬಾಯಿಗೆ ಎಷ್ಟು ಹತ್ತಿರ ತರಬಹುದು? ಅಂಗಿಗೆ ಸಿಕ್ಕಿಸುವ ಮೈಕು ಯಾವಾಗ, ಕೋಲಿಗೆ ಕಟ್ಟಿದ ಬೂಮ್ ಯಾವಾಗ? ಬಟ್ಟೆ ಉಜ್ಜುವ ಸದ್ದು ತಡೆಯುವುದು ಹೇಗೆ?

ಎರಡು ಅಭ್ಯಾಸ ಈಗಲೇ ಮಾಡಿಕೊಳ್ಳಿ. ರೆಕಾರ್ಡ್ ಮಾಡುವಾಗ ಮೀಟರಿನಲ್ಲಿ ಮಾತಿನ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ, ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಒಡೆದ ದನಿಯನ್ನು ಆಮೇಲೆ ಸರಿ ಮಾಡುವುದು ಬಹಳ ಕಷ್ಟ. ಮತ್ತೆ ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ನೆ ನಿಂತು 30 ಸೆಕೆಂಡ್ ಆ ಜಾಗದ ಸದ್ದನ್ನಷ್ಟೇ ಹಿಡಿಯಿರಿ. ಎಡಿಟಿಂಗ್‌ನಲ್ಲಿ ಎರಡು ಮಾತಿನ ನಡುವಿನ ಖಾಲಿಯನ್ನು ತುಂಬುವುದು ಅದೇ.

'ಡಬ್ಬಿಂಗ್ ಮಾಡಿದರಾಯ್ತು' ಎನ್ನುವವರಿದ್ದಾರೆ. ಮಾಡಬಹುದು. ಆದರೆ ಸಕಲೇಶಪುರದ ಅಜ್ಜಿಯ ಮಾತಿನ ರಾಗ ಬೆಂಗಳೂರಿನ ಡಬ್ಬಿಂಗ್ ಥಿಯೇಟರಿನಲ್ಲಿ ಹಾಗೇ ಮರಳಿ ಬರುವುದು ಅಪರೂಪ. ಸ್ಟುಡಿಯೊ ಬಾಡಿಗೆ, ಅಜ್ಜಿಯ ಓಡಾಟದ ಖರ್ಚು ಬೇರೆ.

ಲೆಕ್ಕ ಮತ್ತು ಕಾಗದ

ನಿರ್ಮಾಣದ ಕಾರ್ಯಾಗಾರಕ್ಕೆ ಜನ ಕಡಿಮೆ ಬರುತ್ತಾರೆ. ನೀವು ಹೋಗಿ. ಪ್ರೊಡಕ್ಷನ್ ಮ್ಯಾನೇಜರ್ ಯಾರಾದರೂ ಸಿಕ್ಕರೆ ಒಂದೇ ಪ್ರಶ್ನೆ ಸಾಕು: ಒಂದು ದಿನ ಶೂಟಿಂಗ್ ತಪ್ಪಿದರೆ ಎಲ್ಲೆಲ್ಲಿ ಖರ್ಚು ಏರುತ್ತದೆ? ಮಳೆ ಬಂದರೆ ಕ್ಯಾಮೆರಾ ನಿಲ್ಲುತ್ತದೆ, ಬೇಟಾ (ಕೆಲಸದವರ ದಿನಭತ್ಯೆ) ನಿಲ್ಲುವುದಿಲ್ಲ. ಲಾಡ್ಜು, ಊಟ, ಜನರೇಟರ್, ಗಾಡಿ ಬಾಡಿಗೆ ಎಲ್ಲವೂ ಓಡುತ್ತಲೇ ಇರುತ್ತವೆ. ಜುಲೈನಲ್ಲಿ ಹೊರಾಂಗಣ ಬರೆದುಕೊಂಡ ಬಜೆಟ್ಟನ್ನು ನಂಬಬೇಡಿ.

ಕಾಗದದ ಕೆಲಸದಲ್ಲಿ ಮೊದಲನೆಯದು ಕಥೆಯ ಹಕ್ಕು. ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಇರುತ್ತದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ತೀರಿಕೊಂಡಿದ್ದು 2007ರಲ್ಲಿ. ಅಂದರೆ 2067 ಮುಗಿಯುವವರೆಗೆ ಅವರ ಕಥೆಗೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕೇ ಬೇಕು. ಅಂದಹಾಗೆ, ಅವರ ಒಂದು ಕಥೆಗೆ ಓದುಗರೇ ಸೇರಿ ದುಡ್ಡು ಹಾಕಿದ ಸಿನಿಮಾ 2023ರಲ್ಲಿ ತೆರೆಗೆ ಬಂತು. ದುಡ್ಡಿಗೆ ಅದೂ ಒಂದು ದಾರಿ.

ಬೇಲೂರು, ಹಳೇಬೀಡು ದೇವಸ್ಥಾನಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2023ರಿಂದ ಯುನೆಸ್ಕೊ ಪಟ್ಟಿಯಲ್ಲೂ ಇವೆ. ಅಲ್ಲಿ ಶೂಟಿಂಗ್‌ಗೆ ಇಲಾಖೆಯ ಅನುಮತಿ ಬೇಕು. ಕಾಡಿಗೆ ಅರಣ್ಯ ಇಲಾಖೆಯದು, ತೋಟಕ್ಕೆ ಮಾಲೀಕರ ಸಹಿ. ಚಿತ್ರದ ಹೆಸರನ್ನು ಬೆಂಗಳೂರಿನ ಫಿಲಂ ಚೇಂಬರ್‌ನಲ್ಲಿ ನೋಂದಾಯಿಸುತ್ತಾರೆ. ಥಿಯೇಟರಿಗೆ ಹೋಗುವುದಾದರೆ ಸೆನ್ಸಾರ್ ಇದ್ದೇ ಇದೆ. 2023ರ ತಿದ್ದುಪಡಿಯ ನಂತರ ಯುಎ, ಅಂದರೆ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರದ ಪ್ರಮಾಣಪತ್ರದಲ್ಲೇ 7, 13, 16 ವರ್ಷ ಎಂದು ಮೂರು ಬಗೆ ಆಗಿವೆ.

ವಾಪಸ್ ಬಂದ ಮೇಲೆ

ಅದೇ ಮೂರು ನಿಮಿಷವನ್ನು ಮತ್ತೆ ಎಡಿಟ್ ಮಾಡಿ, ಸೌಂಡ್ ಮತ್ತೆ ಹಿಡಿಯಿರಿ. ಕಲಿಸಿದವರಿಗೆ ಹಳೆಯದು, ಹೊಸದು ಎರಡನ್ನೂ ಕಳಿಸಿ ಒಂದೇ ಒಂದು ಪ್ರಶ್ನೆ ಕೇಳಿ. ದಿನಾ ಗುಡ್ ಮಾರ್ನಿಂಗ್ ಕಳಿಸಬೇಡಿ.

ಮೊದಲ ಕೆಲಸಕ್ಕೆ ಬೆಂಗಳೂರೇ ಬೇಕು ಅಂತೇನಿಲ್ಲ. ಇಲ್ಲಿಗೆ ಬರುವ ಯೂನಿಟ್‌ಗಳಿಗೆ ಯಾವ ತೋಟಕ್ಕೆ ಲಾರಿ ಹೋಗುತ್ತದೆ, ಯಾವ ಕಚೇರಿಗೆ ಅರ್ಜಿ ಕೊಡಬೇಕು, ಮಂಜು ಎಷ್ಟು ಗಂಟೆಗೆ ಸರಿಯುತ್ತದೆ ಎಂದು ಹೇಳುವವರು ಬೇಕು. ಲೊಕೇಶನ್ ಫೋಟೊ, ದಾರಿ, ಮಾಲೀಕರ ನಂಬರ್ ಬರೆದ ಒಂದು ಫೈಲ್ ಮಾಡಿಕೊಂಡು ಹೋಗಿ ಕೆಲಸ ಕೇಳಿ. ಸಂಬಳ ದಿನದ ಲೆಕ್ಕದಲ್ಲಿ ಮಾತಾಡಿ. ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕುವುದನ್ನು ಶೂಟಿಂಗ್ ಶುರುವಾಗುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.