ತಲೆಗೆ ಏಟು ಬಿದ್ದ ಮಗು: ಅಡ್ಮಿಟ್ ಮಾಡಲಾ, ಮನೆಗೆ ಕಳಿಸಲಾ?

ಮಂಡ್ಯದಲ್ಲಿ ಮಕ್ಕಳ ಡಾಕ್ಟರ್ ಆಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ತಲೆಗೆ ಏಟು ಬಿದ್ದ ಮಗು ಬಂದರೆ ನಾನು ಮಗುವನ್ನಷ್ಟೇ ನೋಡುತ್ತಿದ್ದೆ. ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳುತ್ತಿರಲಿಲ್ಲ. ಕೇಳಲು ಕಲಿಸಿದ್ದು ಆರು ವರ್ಷದ ಒಬ್ಬ ಹುಡುಗ.

ಮಳವಳ್ಳಿ ಕಡೆಯ ಹಳ್ಳಿ. ಕಬ್ಬು ತುಂಬಿದ ಗಾಡಿಯ ಮೇಲಿಂದ ಬಿದ್ದಿದ್ದ. ಒಂದು ಸಲ ವಾಂತಿ ಆಗಿತ್ತು. ನಾನು ನೋಡುವಾಗ ಬಿಸ್ಕತ್ತು ತಿನ್ನುತ್ತಾ ಚೆನ್ನಾಗಿ ಮಾತಾಡುತ್ತಿದ್ದ. ಒಂದು ಗಂಟೆ ಕೂರಿಸಿಕೊಂಡು, "ಏನೂ ಇಲ್ಲ, ಕರ್ಕೊಂಡು ಹೋಗಿ" ಅಂದೆ. ರಾತ್ರಿ ಎರಡು ಸಲ ವಾಂತಿ ಆಯಿತು, ತಲೆನೋವು ಜಾಸ್ತಿ ಆಯಿತು. ಅವನ ತಾಯಿ ಬೆಳಗಿನವರೆಗೂ ಕಾದರು. "ಏನೂ ಇಲ್ಲ ಅಂತ ಡಾಕ್ಟ್ರೇ ಅಂದವ್ರಲ್ಲ ಅಂತ ಸುಮ್ಕಿದ್ದೆ" ಅಂದರು. ಸಿಟಿ ಸ್ಕ್ಯಾನ್‌ನಲ್ಲಿ ತಲೆಬುರುಡೆಯ ಒಳಗೆ ಸಣ್ಣದಾಗಿ ರಕ್ತ ಸೋರಿತ್ತು. ಆಪರೇಷನ್ ಬೇಕಾಗಲಿಲ್ಲ, ಹುಡುಗ ಪೂರ್ತಿ ಹುಷಾರಾದ. ಆದರೆ ಆ ತಾಯಿಯನ್ನು ಸುಮ್ಮನೆ ಕೂರಿಸಿದ್ದು ನನ್ನ ಮಾತು. "ಏನೂ ಇಲ್ಲ" ಅನ್ನುವುದನ್ನು ಅವತ್ತೇ ಬಿಟ್ಟೆ.

ಆ ಹುಡುಗನಲ್ಲಿ ಎರಡು ಸೂಚನೆ ಇದ್ದವು. 2009ರಲ್ಲಿ ಪ್ರಕಟವಾದ ಪೆಕಾರ್ನ್ (ಮಕ್ಕಳ ತುರ್ತು ಚಿಕಿತ್ಸೆಯ ಸಂಶೋಧನಾ ಜಾಲ) ಅಧ್ಯಯನ ಅಮೆರಿಕದಲ್ಲಿ ತಲೆಗೆ ಏಟು ಬಿದ್ದ 42,412 ಮಕ್ಕಳನ್ನು ನೋಡಿ ಮಾಡಿದ್ದು. ಅದರ ಪ್ರಕಾರ, ಎರಡು ವರ್ಷ ದಾಟಿದ ಮಗು ಐದು ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ವಾಂತಿ ಮಾಡಿದ್ದರೆ, ಪ್ರಜ್ಞೆ ತಪ್ಪಿದ್ದರೆ ಅಥವಾ ತಲೆನೋವು ಜೋರಾಗಿದ್ದರೆ ಮಿದುಳಿಗೆ ಗಂಭೀರ ಪೆಟ್ಟಾಗಿರುವ ಅಪಾಯ ನೂರಕ್ಕೆ ಒಂದರ ಹತ್ತಿರ. ಮಂಕಾಗಿದ್ದರೆ, ಅಥವಾ ಬುರುಡೆಯ ತಳ ಮುರಿದ ಗುರುತು ಕಂಡರೆ ಕಾಯುವ ಮಾತೇ ಇಲ್ಲ, ಸ್ಕ್ಯಾನ್. ಇದ್ಯಾವುದೂ ಇಲ್ಲದಿದ್ದರೆ ಅಪಾಯ ಎರಡು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಎರಡು ವರ್ಷದೊಳಗಿನ ಕೂಸಿಗೆ ಲೆಕ್ಕ ಬೇರೆ: ಮೂರು ಅಡಿಯೇ ಎತ್ತರ. ಹಣೆಯ ಊತಕ್ಕಿಂತ ತಲೆಯ ಪಕ್ಕದ, ಹಿಂಬದಿಯ ಊತ ನನ್ನನ್ನು ಹೆಚ್ಚು ಹೆದರಿಸುತ್ತದೆ.

ನೂರಕ್ಕೆ ಒಂದರ ಅಪಾಯವಿರುವ ನಡುವಿನ ಗುಂಪಿನ ಮಕ್ಕಳೇ ಕಷ್ಟ. ಎಲ್ಲರಿಗೂ ಸ್ಕ್ಯಾನ್ ಮಾಡಿಸಿಬಿಡಿ ಅಂತ ತಂದೆತಾಯಿ ಕೇಳುತ್ತಾರೆ. ಅವರ ಭಯ ಅರ್ಥವಾಗುತ್ತದೆ. ಆದರೆ ಬೆಳೆಯುವ ಮಿದುಳಿಗೆ ಸ್ಕ್ಯಾನಿನ ವಿಕಿರಣವನ್ನು ಸುಮ್ನೆ ಕೊಡಬಾರದು. ಈಗ ನಾನು ಏಟು ಬಿದ್ದ ಹೊತ್ತಿನಿಂದ ಎಣಿಸಿ ನಾಲ್ಕರಿಂದ ಆರು ಗಂಟೆ ಕಣ್ಣೆದುರೇ ಇಟ್ಟುಕೊಳ್ಳುತ್ತೇನೆ. ಅಷ್ಟು ಹೊತ್ತಲ್ಲಿ ಮಗು ಚೇತರಿಸಿಕೊಳ್ಳುತ್ತಾ ಹೋದರೆ ಎಷ್ಟೋ ಸಲ ಸ್ಕ್ಯಾನೂ ಬೇಡ, ಅಡ್ಮಿಟ್ಟೂ ಬೇಡ.

ಆಮೇಲೆ ಕೇಳುವುದು ಮನೆಯ ವಿಷಯ. ರಾತ್ರಿ ಮಗುವಿನ ಪಕ್ಕ ಯಾರು ಮಲಗುತ್ತಾರೆ? ಎರಡು ಗಂಟೆಗೆ ವಾಂತಿಯಾದರೆ ಯಾರಿಗೆ ಫೋನ್ ಮಾಡುತ್ತೀರಿ, ಯಾವ ಗಾಡಿ? ಉತ್ತರ ತಡವರಿಸಿದರೆ ಒಂದು ರಾತ್ರಿ ವಾರ್ಡಿನಲ್ಲೇ ಇರಲಿ ಅನ್ನುತ್ತೇನೆ. ಒಂದೇ ಥರದ ಏಟು, ಊರೊಳಗಿನ ಮಗು ಮನೆಗೆ, ಹಳ್ಳಿಯ ಮಗು ವಾರ್ಡಿಗೆ. ಇದು ಅನ್ಯಾಯ ಅಂತ ಕೆಲವರಿಗೆ ಅನಿಸುತ್ತದೆ, ನಾಳೆ ಕೂಲಿ ತಪ್ಪುತ್ತದೆ ಅಂತ ಬೇಡಿಕೊಳ್ಳುತ್ತಾರೆ. ನನಗೂ ಸಂಕಟ ಆಗುತ್ತದೆ. ಆದರೂ ಕಳಿಸುವುದಿಲ್ಲ. ಹೇಗೆ ಬಿದ್ದಿತು ಅನ್ನುವ ಕತೆಗೂ ಗಾಯಕ್ಕೂ ಹೊಂದದಿದ್ದರೆ, ಯಾರಾದರೂ ಹೊಡೆದಿರಬಹುದೇ ಅನ್ನುವ ಅನುಮಾನ ಬರುತ್ತದೆ; ಆಗ ಎಷ್ಟೇ ಸಣ್ಣ ಏಟಾದರೂ ಕಳಿಸುವುದಿಲ್ಲ.

ಹೋದ ತಿಂಗಳು ನಾಲ್ಕು ವರ್ಷದ ಹುಡುಗಿಯನ್ನು ಅವಳ ಅಜ್ಜಿ ಕರೆತಂದಿದ್ದರು. ಜಗಲಿಯಿಂದ ಬಿದ್ದು ಹಣೆ ಊದಿತ್ತು, ಬೇರೇನೂ ಇರಲಿಲ್ಲ. ಮನೆ ಆಸ್ಪತ್ರೆಗೆ ಹತ್ತು ನಿಮಿಷ. "ನಿದ್ದೆ ಮಾಡಿದ್ರೆ ಏನಾರ ಆಯ್ತದಾ ಡಾಕ್ಟ್ರೇ?" ಅಂತ ಅಜ್ಜಿ ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ ಇದು.

"ಮಲಗಲಿ ಅಜ್ಜಿ, ನಿದ್ದೆಯಿಂದ ಏನೂ ಆಗಲ್ಲ. ರಾತ್ರಿ ಒಂದೆರಡು ಸಲ ಎಬ್ಬಿಸಿ. ಕಣ್ಣು ಬಿಟ್ಟು ನಿಮ್ಮನ್ನ ಗುರುತು ಹಿಡಿದ್ರೆ ಸಾಕು. ಎಬ್ಬಿಸಿದ್ರೂ ಏಳದಿದ್ರೆ, ಮತ್ತೆ ಮತ್ತೆ ವಾಂತಿ ಆದ್ರೆ, ತಲೆನೋವು ಹೆಚ್ಚಾಗ್ತಾ ಹೋದ್ರೆ, ಫಿಟ್ಸ್ ಬಂದ್ರೆ, ಕಿವಿ ಮೂಗಲ್ಲಿ ನೀರೋ ರಕ್ತವೋ ಬಂದ್ರೆ ಆ ಕ್ಷಣ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ."

ಹೇಳಿದ್ದನ್ನು ಅವರ ಬಾಯಲ್ಲೇ ಹೇಳಿಸದೆ ನಾನು ಕಳಿಸುವುದಿಲ್ಲ. ಅಜ್ಜಿ ಬೆರಳು ಮಡಚುತ್ತಾ ನಾಲ್ಕು ಹೇಳಿ ನಿಂತರು. "ಐದನೇದು ಮರ್ತೋಯ್ತು, ಇನ್ನೊಂದ್ ಸಲ ಹೇಳಿ" ಅಂದರು. ಮೊದಲಿನಿಂದ ಹೇಳಿದೆ.